ನಿಮ್ಮನೆ ನೀರು

ಹುಣಸೂರು ಬಸ್ ಸ್ಟ್ಯಾಂಡಿನ ಹಿಂದೆ ಬಣ್ಣದ ಮೀನು ಮಾರುತ್ತಿದ್ದವರನ್ನು ನಾವೆಲ್ಲ ಭಾಯ್ ಎನ್ನುತ್ತಿದ್ದೆವು. ಅವರ ಅಂಗಡಿಯಲ್ಲೊಂದು ಆಕ್ಸೊಲಾಟಲ್ ಇತ್ತು. ಅದು ಮೀನಲ್ಲ, ನಾಲ್ಕು ಕಾಲಿನ, ಕತ್ತಿನ ಸುತ್ತ ಗರಿಯಂಥ ಕಿವಿರಿನ ಜೀವ.

"ಸಾಯೋಗಂಟ ಮರಿಯಂಗೇ ಇರ್ತದೆ ಸಾರ್. ಕಾಲು ಕಿತ್ತೋದ್ರೂ ಮತ್ತೆ ಬೆಳೀತದೆ. ಬಿಸಿ ನೀರೊಂದು ತಡೆಯಲ್ಲ" ಎನ್ನುತ್ತಿದ್ದರು. ಮೆಕ್ಸಿಕೋದ ಅದರ ಸ್ವಂತ ಕೆರೆಯಲ್ಲೇ ಈಗ ಹುಡುಕಿದರೂ ಸಿಗುವುದು ಕಷ್ಟವೆಂದು ನೆಂಟರ ಮನೆಯ ಸುದ್ದಿಯಂತೆ ಹೇಳುತ್ತಿದ್ದರು.

ಕೊಳ್ಳಲು ಬಂದವರಿಗೆಲ್ಲ ಒಂದೇ ಮಾತು: "ನಿಮ್ಮನೆ ನೀರು ತಗಂಬನ್ನಿ." ತಂದ ನೀರಿಗೆ ಥರ್ಮಾಮೀಟರ್ ಅದ್ದಿ, "ಆಗಲ್ಲ, ಬೇಜಾರ್ ಮಾಡ್ಕಬೇಡಿ" ಎಂದು ಕಳಿಸುತ್ತಿದ್ದರು. ಮಡಿಕೇರಿಯ ಗಿರಾಕಿಯೊಬ್ಬರು ಫ್ಲಾಸ್ಕಿನಲ್ಲಿ ತಂದ ನೀರು ಮಾತ್ರ ಪಾಸಾಗಿತ್ತು. ಅವರಿಗೂ ಏನೋ ನೆಪ ಹೇಳಿ ಕೊಟ್ಟಿರಲಿಲ್ಲ.

ಏಪ್ರಿಲ್ಲಿನ ಒಂದು ಮಧ್ಯಾಹ್ನ, ಮಗಳ ಕಾಟ ತಾಳಲಾರದೆ, ನಾನು ಮೋಸ ಮಾಡಲೆಂದೇ ಫ್ರಿಜ್ಜಿನ ಬಾಟಲಿ ಒಯ್ದೆ. ಅಂಗಡಿಯ ಬೀದಿಗೆ ಬೆಳಗಿನಿಂದ ಕರೆಂಟಿರಲಿಲ್ಲ, ತೊಟ್ಟಿಯ ನೀರು ತಣ್ಣಗಿಡುವ ಯಂತ್ರ ನಿಂತಿತ್ತು. ಭಾಯ್ ನನ್ನ ಬಾಟಲಿ ಮುಟ್ಟಿ ನೋಡಿದರು, ಬೈಯಲಿಲ್ಲ. ಥರ್ಮಾಮೀಟರನ್ನು ತಮ್ಮ ತೊಟ್ಟಿಗೇ ಅದ್ದಿ ಬಹಳ ಹೊತ್ತು ನೋಡಿದರು.

"ನಮ್ದೂ ಆಗಲ್ಲ" ಎಂದರು.

ಮಡಿಕೇರಿಯ ಆ ಗಿರಾಕಿಗೆ ಫೋನ್ ಮಾಡಿದರು. ಆಕ್ಸೊಲಾಟಲನ್ನು ನೀರು ತುಂಬಿದ ಚೀಲಕ್ಕಿಳಿಸಿ, ಥರ್ಮೊಕೋಲ್ ಪೆಟ್ಟಿಗೆಯಲ್ಲಿಟ್ಟು, ಪಕ್ಕಕ್ಕೆ ನನ್ನ ತಣ್ಣನೆಯ ಬಾಟಲಿಯನ್ನೇ ಇಟ್ಟರು. ಅಂಗಡಿಯ ಶಟರ್ ಎಳೆದು ಬಸ್ ಹತ್ತಿದರು. ನಾನು ಕಿಟಕಿಯ ಕೆಳಗೆ ನಿಂತಿದ್ದೆ. ಅವರು ನನ್ನ ಕಡೆ ನೋಡಲಿಲ್ಲ. ತೊಡೆಯ ಮೇಲಿನ ಪೆಟ್ಟಿಗೆಗೆ ಬಾಗಿ, "ಬೇಜಾರ್ ಮಾಡ್ಕಬೇಡ" ಎನ್ನುತ್ತಿದ್ದರು.