ಕುರೂಪದಲ್ಲಿ ತಮ್ಮನ ಹೆಸರು

ನಮ್ಮ ಆಫೀಸಿನಲ್ಲಿ ಸರ್ವರ್ ಇಟ್ಟಿರುವ ಕೋಣೆ ಮೀನು ನಾರುತ್ತದೆ. ಕಿಣತ್ತುಕಡವಿನಿಂದ ಬರುವ ಮ್ಯಾನೇಜರ್ ಶನಿವಾರ ಬೆಳಿಗ್ಗೆ ಕೊಯಮತ್ತೂರಿನ ಉಕ್ಕಡದ ಮೀನು ಸಂತೆಯಲ್ಲಿ ನಿಂತು ಮೀನು ಕೊಂಡು ಬರುತ್ತಾರೆ. ಸಂಜೆಗೆ ಒಳ್ಳೆಯದು ಉಳಿದಿರುವುದಿಲ್ಲವಂತೆ. ಇಡೀ ಕಟ್ಟಡದಲ್ಲಿ ಏಸಿ ಹಗಲೆಲ್ಲ ಓಡುವುದು ಆ ಕೋಣೆಯಲ್ಲಿ ಮಾತ್ರ, ಅದಕ್ಕೆ ಮನೆಗೆ ಹೊರಡುವವರೆಗೆ ಮೀನಿನ ಚೀಲ ಸರ್ವರಿನ ಪಕ್ಕದಲ್ಲಿ. ಮೀನು ನಮ್ಮ ಮನೆಯಲ್ಲೂ ತಿನ್ನುತ್ತೇವೆ, ನನ್ನ ಹೇಸಿಗೆ ಮೀನಿನ ಮೇಲಲ್ಲ. ಚೀಲದಿಂದ ಸೋರಿದ ನೀರು ನೆಲದಲ್ಲಿ ಒಣಗಿ, ಅದರ ಮೇಲೆ ಬನಿಯನ್ ಬಟ್ಟೆಯ ಜುಂಗು ಕೂತು, ಕಾಲಿಟ್ಟರೆ ಚಪ್ಪಲಿಗೆ ಅಂಟುವಂಥ ಒಂದು ಬೂದು ಪದರ ಆಗಿತ್ತು. ಅದನ್ನು ಒರೆಸಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ತಮ್ಮ ಇದ್ದಾಗ ಒರೆಸುತ್ತಿದ್ದ. ಅವನು ಹೋದ ಮೇಲೆ ಆ ಕೋಣೆಯಲ್ಲಿ ಕೂರುವ ಪಾಳಿ ನನ್ನದಾಯಿತು.

ನಮ್ಮದು ಸಿಂಗಾನಲ್ಲೂರು. ತಾತ ಮಗ್ಗದವರು, ಅಪ್ಪ ಮಿಲ್ಲಿನವರು, ನಾನೂ ತಮ್ಮನೂ ಸೂಲೂರು ದಾಟಿದ ಮೇಲೆ ಸಿಗುವ ಈ ಬನಿಯನ್ ಕಂಪನಿಯವರು. ಮನೆಯಲ್ಲಿ ಕನ್ನಡ, ಬಾಗಿಲು ದಾಟಿದರೆ ತಮಿಳು. ಕನ್ನಡ ಓದಿ ಬರೆಯಲು ಬರುವುದು ನನಗೊಬ್ಬಳಿಗೆ. ಚಿಕ್ಕಂದಿನಲ್ಲಿ ಕೊಳ್ಳೇಗಾಲದ ಸೋದರತ್ತೆಯ ಮನೆಯಲ್ಲಿದ್ದು ಕಲಿತದ್ದು. ತಮ್ಮನಿಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ, ಮಾತು ಮಾತ್ರ ಬೇಕಾದಷ್ಟು ಬರುತ್ತಿತ್ತು.

ನಾನು ಮಾಲು ಕಳಿಸುವ ಕಾಗದಪತ್ರ ನೋಡಿಕೊಳ್ಳುವವಳು. ಅವನು ಮರ್ಚಂಡೈಸರ್. ಅಂದರೆ ಹೊರದೇಶದಲ್ಲಿ ಬಟ್ಟೆ ಕೊಳ್ಳುವವರಿಗೂ ನಮ್ಮ ಹೊಲಿಗೆ ಹಾಲಿಗೂ ನಡುವೆ ನಿಂತು ಬಣ್ಣ, ಅಳತೆ, ಗುಂಡಿ ಎಲ್ಲವನ್ನೂ ಎರಡೂ ಕಡೆಗೆ ಒಪ್ಪಿಸುವವನು. ಅದರ ಜೊತೆಗೆ ಸರ್ವರಿನ ಸಣ್ಣಪುಟ್ಟ ಕೆಲಸವೂ ಅವನ ತಲೆಗೇ ಬಂದಿತ್ತು. ಅದೊಂದು ಹಳೆಯ ಪೆಟ್ಟಿಗೆ. ಬೇರೆ ಕಂಪನಿಗಳೆಲ್ಲ ಅಂಥದ್ದನ್ನು ಎಂದೋ ಗುಜರಿಗೆ ಹಾಕಿವೆ. ಕೊಯಮತ್ತೂರಿನ ಕಂಪ್ಯೂಟರಿನವರು ಆಗಾಗ ಬಂದು ಅದಕ್ಕೆ ಜೀವ ಕೊಟ್ಟು ಹೋಗುತ್ತಾರೆ.

ಆ ಸರ್ವರಿನಲ್ಲಿ ಮೇಲ್ ಗುಂಪುಗಳಿವೆ. ಒಂದು ವಿಳಾಸಕ್ಕೆ ಬರೆದರೆ ಆ ಗುಂಪಿನಲ್ಲಿರುವ ಎಲ್ಲರಿಗೂ ಒಂದೊಂದು ಪ್ರತಿ ಹೋಗುತ್ತದೆ. ಆಫೀಸಿನಲ್ಲಿ ಅದಕ್ಕೆ ಎಲ್ಲರೂ ಹೇಳುವುದು ‘ಕುರೂಪ್ಪು’ ಎಂದು. ತಮಿಳಿನ ನಾಲಿಗೆಗೆ ಗ್ರೂಪ್ ಹಾಗೆ ಬರುತ್ತದೆ. ಅದು ನಮ್ಮಿಬ್ಬರ ಕಿವಿಗೆ ಬೀಳುತ್ತಿದ್ದ ರೀತಿಯೇ ಬೇರೆ.

“ಅಕ್ಕಯ್ಯ, ನಿನ್ನ ಹೆಸರ ಕುರೂಪದಲ್ಲಿ ಸೇರಿಸಿಬಿಟ್ಟೆ” ಎಂದು ಅವನು ಎಲ್ಲರೆದುರೇ ಕನ್ನಡದಲ್ಲಿ ಹೇಳಿದ್ದ.

“ನಿನ್ನದು ಮೊದಲೇ ಇತ್ತಲ್ಲ, ನಿನ್ನ ಮುಖ ನೋಡೇ ಅದಕ್ಕೆ ಹೆಸರಿಟ್ಟಿರಬೇಕು” ಎಂದಿದ್ದೆ ನಾನು. ನಾವು ಯಾಕೆ ನಗುತ್ತೇವೆಂದು ಯಾರಿಗೂ ತಿಳಿಯದಿದ್ದದ್ದು ನಮಗೆ ಇನ್ನೂ ನಗು ತರಿಸುತ್ತಿತ್ತು.

ಅವನಿಗೆ ಕಾಮಾಲೆ ಬಂತು. ಮೊದಲು ನಾಟಿ ಔಷಧ, ಆಮೇಲೆ ಆಸ್ಪತ್ರೆ. ಅಲ್ಲಿಂದಲೂ ಫೋನಿನಲ್ಲಿ ಮೇಲ್ ಬರೆಯುತ್ತಿದ್ದ. ನಾನು ಗಂಜಿ ಕಾಯಿಸಿ ಒಯ್ಯುತ್ತಿದ್ದೆ. ಆಮೇಲೆ ಗಂಜಿ ಬೇಡವಾಯಿತು. ಪೇರೂರಿನ ಪಡಿತುರೆಯಲ್ಲಿ, ಹೊಳೆಗಿಳಿಯುವ ಮೆಟ್ಟಿಲಲ್ಲಿ, ಅವನ ಬೂದಿ ಬಿಟ್ಟೆವು. ನೀರಿನಲ್ಲಿ ಹಳೆಯ ಹಾರ, ಪ್ಲಾಸ್ಟಿಕ್ ಲೋಟ, ಯಾರದೋ ಪಂಚೆ. ಆ ನೊಯ್ಯಲ್ ಹೊಳೆಯೇ ನಮ್ಮ ಸಿಂಗಾನಲ್ಲೂರಿನ ಪಕ್ಕ ಹಾದು ಬಣ್ಣದ ನೊರೆ ಕಟ್ಟಿಕೊಂಡು ತಿರುಪ್ಪೂರಿನ ಕಡೆ ಹೋಗುವುದು. ಅವನು ಆಗಲೂ ಕೆಲಸದ ದಾರಿಯನ್ನೇ ಹಿಡಿದ ಹಾಗಾಯಿತು.

ಕರುಮಾದಿ ಮುಗಿಸಿ ನಾನು ಕೆಲಸಕ್ಕೆ ಮರಳಿದೆ. ಸತ್ತವರ ಕಾರ್ಯಕ್ಕೆ ನಮ್ಮ ಕನ್ನಡದಲ್ಲೂ ಅದೇ ತಮಿಳು ಮಾತು. ಬಂದು ನೋಡಿದರೆ ನನಗೆ ಒಂದು ಮೇಲೂ ಇಲ್ಲ. ಗುಂಪಿಗೆ ಬರುತ್ತಿದ್ದ ಆರ್ಡರಿನ ಮಾತುಕತೆ ಪೂರ್ತಿ ನಿಂತಿತ್ತು. ಮನೆಯಲ್ಲಿ ಸಾವಾದವಳಿಗೆ ತೊಂದರೆ ಕೊಡಬಾರದೆಂದು ಸುಮ್ಮನಿದ್ದಾರೆ ಎಂದುಕೊಂಡೆ. ಅಷ್ಟರಲ್ಲಿ ಮಕ್ಕಳ ಬಟ್ಟೆ ಕೊಳ್ಳುವ ಹೊರದೇಶದ ಹೆಂಗಸಿನ ಪರವಾಗಿ ತಿರುಪ್ಪೂರಿನ ಏಜೆಂಟ್ ಫೋನ್ ಮಾಡಿದರು.

“ಏನಮ್ಮಾ, ನಿಮ್ಮ ಕುರೂಪ್ಪಿಗೆ ಕಳಿಸಿದ ಮೇಲ್ ಎಲ್ಲ ಗೋಡೆಗೆ ಎಸೆದ ಚೆಂಡಿನ ಹಾಗೆ ವಾಪಸ್ ಬರ್ತಾ ಇದೆಯಂತೆ. ಕಂಪನಿ ಇದೆಯಾ, ಮುಚ್ಚಿದ್ರಾ?”

ಕಂಪ್ಯೂಟರಿನವರನ್ನು ಕರೆಸಿದೆ. ಅವರು ಬಾಗಿಲಲ್ಲೇ ಮೂಗು ಮುಚ್ಚಿಕೊಂಡರು. ಸರ್ವರಿನ ಮುಂದೆ ಒಂದೇ ಕುರ್ಚಿ, ಅದರ ರೆಕ್ಸಿನ್ ಹರಿದಿತ್ತು. ಅವರು ಕೂರಲಿಲ್ಲ, ನನ್ನನ್ನು ಕೂರಿಸಿ ಹಿಂದೆ ನಿಂತು ಹೇಳಿಕೊಟ್ಟರು. ಗುಂಪುಗಳ ಪುಟ ತೆಗೆದೆ. ನಮ್ಮ ಗುಂಪಿನ ಕೆಳಗೆ ಒಂದು ಚೌಕ ಇತ್ತು: ಹೊರಗಿನವರೂ ಈ ಗುಂಪಿಗೆ ಬರೆಯಬಹುದೇ ಎಂದು. ಅದರಲ್ಲಿ ಗುರುತು ಇರಲಿಲ್ಲ.

“ಹೊಸದಾಗಿ ಗುಂಪು ಮಾಡಿದರೆ ಇದು ಖಾಲಿಯೇ ಇರುತ್ತೆ ಅಕ್ಕಾ. ನಾವೇ ಗುರುತು ಹಾಕಬೇಕು. ಇಲ್ಲದಿದ್ರೆ ಆಫೀಸಿನೊಳಗಿನವರು ಮಾತ್ರ ಬರೀಬಹುದು.”

“ಇದು ಹಳೆಯ ಗುಂಪಲ್ಲವಾ?”

ಅವರು ಗೋಡೆಯ ವೈರು ನೋಡತೊಡಗಿದರು. ಗುಂಪಿನಲ್ಲಿ ಯಾರು ಯಾರಿದ್ದಾರೆಂದು ತೆರೆದೆ. ತಮ್ಮನ ಹೆಸರಿತ್ತು. ನನ್ನ ಹೆಸರಿರಲಿಲ್ಲ.

“ಓ, ಇನಿಷಿಯಲ್ ಗಲಾಟೆ” ಎಂದು ಅವರು ಬೇಗ ಹೇಳಿದರು. “ನಿಮ್ಮಿಬ್ಬರಿಗೂ ಅಪ್ಪನ ಅಕ್ಷರ ಒಂದೇ, ನಿಮ್ಮ ಹೆಸರಿನ ಮೊದಲ ಅಕ್ಷರವೂ ಒಂದೇ. ಅವರನ್ನ ತೆಗೆಯೋಕೆ ಹೋಗಿ ನಿಮ್ಮನ್ನ ತೆಗೆದುಬಿಟ್ಟಿದೀನಿ.”

ನಂಬಿದೆ. ನಮ್ಮ ಕಡೆ ಎಲ್ಲರಿಗೂ ಹೆಸರಿನ ಹಿಂದೆ ಅಪ್ಪನ ಒಂದಕ್ಷರ ಬಿಟ್ಟರೆ ಬೇರೇನೂ ಇರುವುದಿಲ್ಲ. ಆಫೀಸಿನ ವಿಳಾಸಗಳೆಲ್ಲ ಎರಡೆರಡು ಅಕ್ಷರದವು. ನಾನು ಮೊದಲು ಸೇರಿದವಳು, ಅದಕ್ಕೆ ತಮ್ಮನ ಅಕ್ಷರಗಳ ಮುಂದೆ ಒಂದು ಸಂಖ್ಯೆ ಹಾಕಿದ್ದರು. ಸರ್ವರಿನ ಲೆಕ್ಕದಲ್ಲಿ ಸತ್ತವಳು ನಾನು, ಇರುವವನು ಅವನು. ಅದು ನಿಜವಾಗಿದ್ದರೆ ಚೆನ್ನಾಗಿತ್ತು ಎಂದು ಕೂಡ ಅನ್ನಿಸಿತು. ಚೌಕದಲ್ಲಿ ಗುರುತು ಹಾಕಿದೆ, ನನ್ನ ಹೆಸರು ಸೇರಿಸಿದೆ. ಅವನ ಹೆಸರಿನ ಮೇಲೆ ಕೈ ಇಟ್ಟಾಗ ಅವರು ಹಿಂದಿನಿಂದ, “ಅದು ಇರಲಿ ಅಕ್ಕಾ. ಮುಟ್ಟಬೇಡ ಅಂತ ಮ್ಯಾನೇಜರ್ ಹೇಳಿದಾರೆ” ಎಂದರು.

ಯಾಕೆಂದು ಕೇಳಿದರೆ ಸಾಮಾನಿನ ಚೀಲ ಎತ್ತಿಕೊಂಡು ಹೊರಟೇ ಹೋದರು.

ವಾಪಸ್ ಬಂದ ಮೇಲನ್ನು ಮತ್ತೆ ಕಳಿಸಲು ಏಜೆಂಟ್ ಮೂಲಕ ಹೇಳಿದೆ. ಮಧ್ಯಾಹ್ನ ಊಟದ ಹೊತ್ತಿಗೆ ಆ ಹೆಂಗಸಿನ ಮೇಲ್ ಗುಂಪಿಗೆ ಬಂತು, ನನಗೂ ಬಂತು. ತಮ್ಮನ ಹೆಸರು ಹಿಡಿದು ಬರೆದಿದ್ದರು. ನೀವು ಎದ್ದು ಓಡಾಡುವಂತಾದದ್ದು ಕೇಳಿ ಸಮಾಧಾನವಾಯಿತು, ಅಕ್ಕನಿಗೆ ನನ್ನ ನಮಸ್ಕಾರ ಹೇಳಿ, ಬಟ್ಟೆಯ ಹಳದಿ ಬಣ್ಣದ ವಿಷಯದಲ್ಲಿ ಮಾತ್ರ ನನಗೆ ಇನ್ನೂ ಗೊಂದಲ, ಎಂದು.

ಅದರ ಕೆಳಗೆ ಅವರು ಯಾವ ಮೇಲಿಗೆ ಉತ್ತರ ಕೊಟ್ಟಿದ್ದರೋ ಅದೂ ಇತ್ತು. ತಮ್ಮನ ವಿಳಾಸದಿಂದ ಹೋದದ್ದು, ಕೊನೆಯಲ್ಲಿ ಅವನದೇ ಹೆಸರು. ‘ನಾನೀಗ ಪೂರ್ತಿ ಗುಣವಾಗಿದ್ದೇನೆ. ನಿಮ್ಮ ಪ್ರಾರ್ಥನೆಗೆ ವಂದನೆಗಳು. ಅಕ್ಕ ಕೊಟ್ಟ ಗಂಜಿಯಿಂದ ಬಲ ಬಂದಿದೆ. ಹಳದಿ ಬಣ್ಣ ಸರಿಯಾಗಿಯೇ ಇದೆ, ಆಗ ನನ್ನ ಕಣ್ಣೇ ಸರಿಯಿರಲಿಲ್ಲ. ದಯವಿಟ್ಟು ಒಪ್ಪಿಗೆ ಕೊಡಿ.’

ತಾರೀಕು ನೋಡಿದೆ. ನಾವು ಪೇರೂರಿನಲ್ಲಿದ್ದ ದಿನ.

ಡಬ್ಬಿ ಮುಚ್ಚಿಟ್ಟೆ. ಬಾಯಲ್ಲಿದ್ದ ಅನ್ನವನ್ನು ಎದ್ದು ಹೋಗಿ ಉಗಿದು ಬಂದೆ. ಗಂಜಿಯ ವಿಷಯ ಗೊತ್ತಿದ್ದವರು ಆಫೀಸಿನಲ್ಲಿ ಒಬ್ಬರೇ. ಮ್ಯಾನೇಜರ್ ಒಮ್ಮೆ ಆಸ್ಪತ್ರೆಗೆ ಬಂದಿದ್ದಾಗ ನಾನು ತಟ್ಟೆ ಹಿಡಿದುಕೊಂಡು ಕೂತಿದ್ದೆ. ಅದನ್ನು ನೋಡಿಕೊಂಡು ಹೋಗಿ ಜೋಪಾನವಾಗಿ ಇಟ್ಟುಕೊಂಡಿದ್ದರು.

ಅವರ ಕೋಣೆಗೆ ಹೋದೆ. ಅವರು ಹಲ್ಲಿನ ಸಂದಿಯಿಂದ ಏನೋ ತೆಗೆಯುತ್ತಿದ್ದರು.

“ವಾಂಗಮ್ಮಾ, ಉಕ್ಕಾರುಂಗ” ಎಂದರು, ಬಂದು ಕೂರಿ ಎಂದು. ನಮ್ಮ ಕಡೆಯ ಮರ್ಯಾದೆ ಅದು. ಪ್ರತಿ ಮಾತಿಗೂ ಕೊನೆಗೊಂದು ‘ಂಗ’ ಹಚ್ಚಿ ಬೆಣ್ಣೆ ಸವರುವುದು. ಬೇರೆ ಊರಿನವರು ಅದನ್ನು ಕೇಳಿ ಎಷ್ಟು ಒಳ್ಳೆಯ ಜನ ಎನ್ನುತ್ತಾರೆ.

“ಗುಂಪನ್ನ ಹೊಸದಾಗಿ ಮಾಡಿಸಿ ನನ್ನ ಹೆಸರು ಬಿಡಿಸಿದ್ದು ನೀವಾ ಸಾರ್?”

“ಹೂಂ. ನಿಮಗೆ ಕಷ್ಟ ಆಗಬಾರದು ಅಂತಲೇಂಗ. ತಮ್ಮನ ಹೆಸರು ಕಂಡಾಗೆಲ್ಲ ಅಳ್ತೀರಿ. ನನಗೂ ಅಕ್ಕ ತಂಗಿ ಇದಾರೆ.”

“ಗಂಜಿ ಕುಡಿದು ಗುಣವಾದೆ ಅಂತ ಬರೆದದ್ದೂ ನನಗೆ ಕಷ್ಟ ಆಗಬಾರದು ಅಂತಲಾ?”

ಅವರು ಹಲ್ಲುಕಡ್ಡಿ ನೋಡಿಕೊಂಡರು. “ಆ ಹೆಂಗಸು ಹೆಸರು ನೋಡಿ ಆರ್ಡರ್ ಕೊಡೋದು. ಹೊಸ ಹೆಸರು ಕಂಡ್ರೆ ನೂರು ಪ್ರಶ್ನೆ ಕೇಳ್ತಾರೆ. ಈ ಸೀಸನ್ ಮುಗೀಲಿ. ಆಮೇಲೆ ಅವನು ರಾಜೀನಾಮೆ ಕೊಟ್ಟ ಅಂತ ಒಂದು ಮೇಲ್ ಹಾಕಿ ಮರ್ಯಾದೆಯಾಗಿ ಮುಗಿಸೋಣ.”

“ಸತ್ತವನ ಕೈಲಿ ರಾಜೀನಾಮೆ ಬರೆಸ್ತೀರಾ?”

“ಅಲ್ಲಂಗ, ಪ್ರಾಣ ಏನೂ ವಾಪಸ್ ಬರೋಲ್ಲ. ಹೆಸರಾದ್ರೂ ಒಂದಷ್ಟು ದಿನ ಕೆಲಸ ಮಾಡಲಿ. ಅವನಿಗೂ ಕಂಪನಿ ಅಂದ್ರೆ ಪ್ರೀತಿ ಇತ್ತು.”

ನಾನು ಬಾಗಿಲ ಕಡೆ ತಿರುಗಿದೆ. ಅವರು ಅದನ್ನೇ ಒಪ್ಪಿಗೆ ಎಂದುಕೊಂಡರು, ಟೀ ತರಿಸಲೇ ಎಂದು ಕೇಳಿದರು.

ಸಂಜೆ ಮನೆಯಲ್ಲಿ ಅಮ್ಮನಿಗೆ ಹೇಳಿದೆ. ಅಮ್ಮನಿಗೆ ಮೇಲ್ ಎಂದರೇನೆಂದು ತಿಳಿಯದು. ಬಟ್ಟೆ ಕೊಳ್ಳುವ ಹೊರದೇಶದ ಹೆಂಗಸಿಗೆ ಅವನ ಹೆಸರಿನಲ್ಲಿ ಕಾಗದ ಬರೆಯುತ್ತಿದ್ದಾರೆ ಎಂದೆ. ಅವಳು ಸೊಪ್ಪು ಸೋಸುವುದನ್ನು ನಿಲ್ಲಿಸಲಿಲ್ಲ.

“ಆ ಹೆಂಗಸಿಗೆ ಸುದ್ದಿ ಹೇಳಿದ್ದು ಯಾರು?”

“ಯಾರೂ ಹೇಳಿಲ್ಲ.”

“ಹಂಗಾರೆ ಅವಳಿಗೆ ಅವನು ಇನ್ನೂ ಇದಾನೆ. ಅವಳದೇನು ತಪ್ಪು? ಸುದ್ದಿ ಹೇಳದೆ ಕರುಮಾದಿ ಮಾಡಿದ್ದು ನಾವು.”

ನಮ್ಮಲ್ಲಿ ಸಾವಾದರೆ ಸಂಬಂಧ ಇರುವ ಊರಿಗೆಲ್ಲ ಸುದ್ದಿ ಹೇಳಿಸುತ್ತಾರೆ. ಈಗ ಫೋನು, ಹಿಂದೆ ಆಳು ಹೋಗುತ್ತಿದ್ದ. ಹೋದವನು ಹೊಸಿಲ ಹೊರಗೇ ನಿಂತು ಹೇಳಿ, ನೀರೂ ಕುಡಿಯದೆ ತಿರುಗಿ ಬರಬೇಕು. ಒಂದು ಮನೆ ಬಿಟ್ಟುಹೋದರೆ ಆ ಮನೆಯವರು ಮೂರು ತಲೆಮಾರು ಅದನ್ನೇ ಆಡುತ್ತಾರೆ. ಅವನ ಸಾವಿಗೆ ಪೊಳ್ಳಾಚಿ ಕಡೆಯ ದೂರದ ದಾಯಾದಿಗಳಿಗೂ ಫೋನ್ ಮಾಡಿದ್ದೆವು. ದಿನವೂ ಅವನೊಡನೆ ಮಾತಾಡುತ್ತಿದ್ದ ಒಬ್ಬ ಹೆಂಗಸು ಬಿಟ್ಟುಹೋಗಿದ್ದರು.

“ನೀನೇ ಹೇಳು” ಎಂದಳು ಅಮ್ಮ. “ಹೇಳಿಬಿಟ್ಟು ತಿರುಗಿ ನೋಡದೆ ಬಾ.”

ಮಾರನೆಯ ದಿನ ಬೆಳಿಗ್ಗೆ ನನ್ನ ವಿಳಾಸದಿಂದ, ನನ್ನ ಹೆಸರು ಹಾಕಿ, ಆ ಹೆಂಗಸಿಗೂ ಇಡೀ ಗುಂಪಿಗೂ ಒಟ್ಟಿಗೆ ಬರೆದೆ. ನನ್ನ ಇಂಗ್ಲಿಷು ಪ್ಯಾಕಿಂಗಿನ ಇಂಗ್ಲಿಷು. ‘ನನ್ನ ತಮ್ಮ ತೀರಿಕೊಂಡಿದ್ದಾನೆ. ಇಂಥ ದಿನ ಹೋದ. ಆ ದಿನದ ನಂತರ ಅವನ ಹೆಸರಿನಲ್ಲಿ ಬಂದ ಯಾವುದೂ ಅವನದಲ್ಲ. ನಿಮಗೆ ಮೊದಲೇ ಹೇಳಬೇಕಾಗಿತ್ತು.’ ಅಷ್ಟೆ. ಕಳಿಸಿ, ಪರದೆ ಆರಿಸಿ, ಹೊಲಿಗೆ ಹಾಲಿನಲ್ಲಿ ಪೆಟ್ಟಿಗೆಗಳ ಹತ್ತಿರ ಹೋಗಿ ನಿಂತೆ.

ಗುಂಪಿನ ಆರು ಜನಕ್ಕೂ ಅದು ಹೋಯಿತು, ತಮ್ಮನ ಮೇಲ್ ಪೆಟ್ಟಿಗೆಗೂ ಹೋಗಿರಬೇಕು. ಮ್ಯಾನೇಜರ್ ಕಣ್ಣು ಕೆಂಪು ಮಾಡಿಕೊಂಡು ಬಂದರು.

“ತಿನ್ನೋ ತಟ್ಟೆಗೆ ಮಣ್ಣು ಹಾಕಿದ್ರಿ.” ಆವತ್ತು ‘ಂಗ’ ಇರಲಿಲ್ಲ.

“ನನ್ನನ್ನ ತೆಗೆದುಹಾಕಿ ಸಾರ್. ಈ ಸಲ ಸರಿಯಾದ ಹೆಸರು ನೋಡಿ ತೆಗೀರಿ.”

ತೆಗೆಯಲಿಲ್ಲ. ಮಾಲು ಕಳಿಸುವ ಕಾಗದ ಬರೆಯಲು ಬೇರೆಯವರಿರಲಿಲ್ಲ. ಆರ್ಡರೂ ಹೋಗಲಿಲ್ಲ. ಆ ಹೆಂಗಸು ಕಂಪನಿಗೆ ಬರೆದದ್ದರಲ್ಲಿ ಬೈಗುಳವೂ ಇರಲಿಲ್ಲ, ‘ಇನ್ನು ಮುಂದೆ ಪ್ರತಿ ಬಣ್ಣದ ಬಟ್ಟೆಯ ತುಂಡನ್ನೂ ನನ್ನ ಕೈಗೇ ಕಳಿಸಿ’ ಎಂದಷ್ಟೇ ಇತ್ತು. ಅದನ್ನು ಓದಿ ಮ್ಯಾನೇಜರ್ ನನ್ನ ಮೇಜಿಗೆ ಬಂದರು, ಮುಖದಲ್ಲಿ ಮತ್ತೆ ಬೆಣ್ಣೆ.

“ಕೋಪ ಮಾಡ್ಕೊಂಡಿಲ್ಲಂಗ ಅವರು. ಕಂಪನಿ ಪರವಾಗಿ ನೀವೇ ಒಂದು ಉತ್ತರ ಬರೀರಿ. ಅಕ್ಕ ಅಂತ ಹಾಕಿ, ಮನಸ್ಸಿಗೆ ತಾಗೋ ಹಾಗೆ ಒಂದೆರಡು ಸಾಲು ಇರಲಿ. ಅದಕ್ಕೂ ಒಂದು ಬೆಲೆ ಇದೆ.”

ಆಗ ನನಗೆ ಸಿಟ್ಟೂ ಬರಲಿಲ್ಲ. ಕೊಳೆತ ಹಣ್ಣಿಗೆ ಬೆರಳು ಹೊಕ್ಕ ಹಾಗೆ ಆಯಿತು. ನಾನು ಬರೆಯುವುದಿಲ್ಲ ಎಂದೆ. ಅವರು ಬೇರೆ ಯಾರಿಂದಲೋ ಬರೆಸಿಕೊಂಡರು, ಅದರಲ್ಲಿ ತಮ್ಮನನ್ನು ‘ನಮ್ಮ ಕುಟುಂಬದ ಮಗ’ ಎಂದಿತ್ತು. ಅವನ ಹೆಸರನ್ನು ಗುಂಪಿನಿಂದ ತೆಗೆದದ್ದು ನಾನೇ.

ಆ ಹೆಂಗಸು ನನಗೊಬ್ಬಳಿಗೇ ಬೇರೆ ಒಂದು ಮೇಲ್ ಬರೆದರು. ಸಮಾಧಾನದ ಮಾತು ಹೆಚ್ಚು ಇರಲಿಲ್ಲ, ಅದಕ್ಕೆ ಋಣಿ. ಒಂದು ಪ್ರಶ್ನೆ ಇತ್ತು: ಹಾಗಾದರೆ ಅವನೇ ಬರೆದದ್ದರಲ್ಲಿ ಕೊನೆಯದು ಯಾವುದು?

ತಾರೀಕು ಹಿಡಿದು ಹುಡುಕಿ ತೆಗೆದೆ. ಆಸ್ಪತ್ರೆಯಿಂದ ಬರೆದದ್ದು. ‘ಈ ಹಳದಿ ಒಂದು ಗುಲಗಂಜಿ ಹೆಚ್ಚಾಗಿದೆ, ಒಪ್ಪಬೇಡಿ. ನನಗೀಗ ಎಲ್ಲವೂ ಹಳದಿಯೇ ಕಾಣುತ್ತಿದೆ, ಆದ್ದರಿಂದ ನನ್ನ ಮಾತು ನಂಬದೆ ನೀವೂ ಬೆಳಕಿಗೆ ಹಿಡಿದು ನೋಡಿ.’ ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ನಮ್ಮ ಗಾದೆಯನ್ನು ಅವನು ಇಂಗ್ಲಿಷಿಗೆ ತಿರುಗಿಸಿಕೊಂಡಿದ್ದ. ಆ ಹೆಂಗಸಿಗೆ ತಮಾಷೆ ತಿಳಿದಿರಲಿಲ್ಲ. ತಮಿಳಿನಲ್ಲೂ ಅದೇ ಗಾದೆ ಇರುವುದರಿಂದ ಮ್ಯಾನೇಜರಿಗೆ ತಿಳಿದಿತ್ತು, ಅದಕ್ಕೇ ಅವನ ಕಣ್ಣಿನ ಮೇಲೆ ತಪ್ಪು ಹೊರಿಸಲು ಸುಲಭವಾಯಿತು.

ನಾನು ಆ ಗಾದೆಯನ್ನು ಬಿಡಿಸಿ ಬರೆದೆ. ಇದು ಅವನ ಕೊನೆಯದು, ಇದನ್ನು ಮಾತ್ರ ನಂಬಿ ಎಂದೆ. ಅವರು ಬಟ್ಟೆಯ ತುಂಡನ್ನು ಕಿಟಕಿಗೆ ಹಿಡಿದು ನೋಡಿದರಂತೆ. ಹಳದಿ ಹೆಚ್ಚೇ ಇತ್ತು. ಬಟ್ಟೆಯನ್ನು ಮತ್ತೆ ಬಣ್ಣಕ್ಕೆ ಅದ್ದಿಸಲು ಹೇಳಿದರು.