ತಂಗಿಯ ಕ್ಲಾಸಿಗೆ ಸೇರಿದ ವರ್ಷ

ಆಗೆಲ್ಲ ನಮ್ಮ ಬಸರೀಕಟ್ಟೆ ಕಡೆಯ ಮಕ್ಕಳಿಗೆ ಏಪ್ರಿಲ್ ಹತ್ತು ಬಂತೆಂದರೆ ಬೆಳಗಿನಿಂದಲೇ ಪರೀಕ್ಷೆಯ ಫಲಿತಾಂಶದ್ದೇ ಧ್ಯಾನ. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಈಗಿನ ಹಾಗೆ ಎಲ್ಲರನ್ನೂ ಮುಂದಿನ ಕ್ಲಾಸಿಗೆ ಕಳಿಸಿಬಿಡುವ ಕ್ರಮ ನಮ್ಮ ಶಾಲೆಯಲ್ಲಿರಲಿಲ್ಲ. ದೊಡ್ಡ ಮೇಷ್ಟ್ರು ಜಗಲಿಯಲ್ಲಿ ನಿಂತು ಪಾಸಾದವರ ಹೆಸರು ಓದುತ್ತಿದ್ದರು. ಹೆಸರು ಬಾರದವರು ತಾವೇ ಅರ್ಥ ಮಾಡಿಕೊಳ್ಳಬೇಕು.

ಆ ವರ್ಷ ನಾಲ್ಕನೇ ಕ್ಲಾಸಿನಲ್ಲಿ ಮೊದಲು ಓದಿದ್ದು ನನ್ನ ತಂಗಿ ವೀಣಾಳ ಹೆಸರು. ಐದನೆಯದರಲ್ಲಿ ಕೊನೆಯ ಹೆಸರು ಮುಗಿದರೂ ಸುಮಾ ಎಂಬುದು ಬರಲಿಲ್ಲ. ಗಣಿತ ನನ್ನನ್ನು ಕೆಡವಿತ್ತು. ಹಂಚಲೆಂದು ವೀಣಾ ಲಂಗದ ಜೇಬಿನಲ್ಲಿ ಚಾಕಲೇಟು ತುಂಬಿಕೊಂಡು ಬಂದಿದ್ದಳು. ಒಂದನ್ನೂ ಹೊರಗೆ ತೆಗೆಯಲಿಲ್ಲ. ದಾರಿಯಲ್ಲಿ ನೇರಳೆ ಮರದ ಬುಡದಲ್ಲಿ ಕೂತು, ಕರಗಿ ಕಾಗದಕ್ಕೆ ಅಂಟಿದ್ದ ಅಷ್ಟನ್ನೂ ಇಬ್ಬರೇ ತಿಂದೆವು. ನಾನು ಅಳುತ್ತಲೇ ತಿಂದೆ.

ಅಪ್ಪ ಎಸ್ಟೇಟಿನ ಜೀಪು ಓಡಿಸುತ್ತಿದ್ದ. ಸುದ್ದಿ ಕೇಳಿ, "ಏರಲ್ಲಿ ಒಂದ್ಸಲಕ್ಕೆ ಹತ್ತದಿದ್ರೆ ಹಿಂದೆ ಬಿಟ್ಟು ಮತ್ತೆ ಹತ್ತಿಸೋದಪ್ಪ, ಅದಕ್ಕೆಂತ ಅಳೋದು?" ಎಂದ. ಅಮ್ಮನಿಗೆ ಮಾತ್ರ ಸಮಾಧಾನವಾಗಲಿಲ್ಲ. ಮರುದಿನವೇ ನನ್ನ ಕೈ ಹಿಡಿದು ದೊಡ್ಡ ಮೇಷ್ಟ್ರ ಮನೆಗೆ ಹೋದಳು.

"ತಂಗಿ ಪಕ್ಕದಲ್ಲಿ ಕೂರಿಸ್ತೀರಾ ಮೇಷ್ಟ್ರೇ? ಹೇಗೋ ದಾಟಿಸಿ ಬಿಡಿ."

"ಕೂಡಿಸಿ ಕಳೆಯೋದಕ್ಕೇ ತಡವರಿಸ್ತಾಳೆ ಅಮ್ಮ. ಹಾಗೇ ಕಳಿಸಿದ್ರೆ ಹತ್ತನೇ ಕ್ಲಾಸಲ್ಲಿ ಬೀಳ್ತಾಳೆ. ಅಲ್ಲಿ ಬಿದ್ರೆ ಎತ್ತೋರು ಯಾರು?" ಮೇಷ್ಟ್ರ ದನಿ ಮೆತ್ತಗಿತ್ತು. ನನ್ನ ಮುಖ ನೋಡಲು ಅವರಿಗೂ ಆಗಲಿಲ್ಲ.

ಜೂನ್‌ನಲ್ಲಿ ಶಾಲೆ ಶುರುವಾಯಿತು. ನನ್ನ ಜೊತೆ ನಪಾಸಾದ ಗಿರಿಜಾ ಬರಲಿಲ್ಲ. ತಾಯಿಯ ಹಿಂದೆ ತೋಟದ ಕೆಲಸಕ್ಕೆ ಹೋಗತೊಡಗಿದ್ದಳು. ನಾನು ಹೋದೆ. ಒದ್ದೆ ಕೊಡೆಗಳ ವಾಸನೆಯ ಆ ಕೋಣೆಯಲ್ಲಿ ವೀಣಾಳ ಪಕ್ಕದಲ್ಲೇ ಜಾಗ ಸಿಕ್ಕಿತು. ಅವಳ ಗೆಳತಿಯರು ಅಭ್ಯಾಸಬಲದಿಂದ ನನ್ನನ್ನು "ಸುಮಕ್ಕ" ಎಂದೇ ಕರೆಯುತ್ತಿದ್ದರು. ಪ್ರತಿ ಸಲವೂ ಮೈಮೇಲೆ ಮುಳ್ಳು ಆಡಿಸಿದ ಹಾಗಾಗುತ್ತಿತ್ತು.

ಆದರೆ ವೀಣಾಗೆ ಏನೋ ಆಗಿತ್ತು. ಟೀಚರ್ ಪ್ರಶ್ನೆ ಕೇಳುವ ಮೊದಲೇ ಕೈ ಎತ್ತುತ್ತಿದ್ದವಳು ಈಗ ಡೆಸ್ಕು ನೋಡುತ್ತ ಕೂರುತ್ತಿದ್ದಳು. ಕಿರುಪರೀಕ್ಷೆಯ ಗಣಿತದಲ್ಲಿ ಅವಳಿಗೆ ನನಗಿಂತ ಕಡಿಮೆ ಅಂಕ ಬಂತು. "ನಿಂಗೂ ಎಂತ ಬಡಿದಿದ್ಯೇ?" ಎಂದು ಅಮ್ಮ ಬೈದಳು.

ಒಂದು ಸಂಜೆ ಅಮ್ಮ ಕೆಂಡದ ಮೇಲೆ ಹಲಸಿನ ಹಪ್ಪಳ ಸುಟ್ಟುಕೊಟ್ಟಿದ್ದಳು. ನಾನು ಭಿನ್ನರಾಶಿಯ ಲೆಕ್ಕ ಹಿಡಿದು ಒದ್ದಾಡುತ್ತಿದ್ದೆ. ವೀಣಾ ಹಪ್ಪಳ ಮುರಿದು ನನ್ನ ಮುಂದಿಟ್ಟಳು. "ಇದು ಅರ್ಧ. ಇದು ಕಾಲು. ಎರಡೂ ಸೇರಿಸು, ಎಷ್ಟಾಯ್ತು?"

"ಮುಕ್ಕಾಲು!" ನನ್ನ ತಲೆಗೆ ಅದು ಮೊದಲ ಸಲ ಹೊಕ್ಕಿತ್ತು. ಮರುಕ್ಷಣವೇ ಹೊಳೆಯಿತು. ಪರೀಕ್ಷೆಯಲ್ಲಿ ಅವಳು ಖಾಲಿ ಬಿಟ್ಟಿದ್ದು ಇದೇ ಲೆಕ್ಕ.

"ನಿಂಗೆ ಬರ್ತಿತ್ತಲ್ಲೇ ಇದು?"

ವೀಣಾ ಹಪ್ಪಳದ ಚೂರು ಆರಿಸುತ್ತ ಕೂತಳು. ಕೊನೆಗೆ, "ನಾನು ಹೇಳಿದ್ರೆ ಎಲ್ರೂ ನಿನ್ನ ಕಡೆ ತಿರುಗಿ ನೋಡ್ತಾರೆ ಅಕ್ಕ," ಎಂದಳು.

ನನಗೆ ಬಂದದ್ದು ಸಿಟ್ಟು. ಫೇಲಾದಾಗಲೂ ಅಷ್ಟು ಅವಮಾನ ಅನಿಸಿರಲಿಲ್ಲ. "ನಾಳೆ ನೀನು ಉತ್ತರ ಹೇಳದಿದ್ರೆ ನಾನೂ ಗಿರಿಜಾನ ಜೊತೆ ತೋಟಕ್ಕೆ ಹೋಗ್ತೆ, ನೋಡು!" ಎಂದು ಕೂಗಿದೆ.

ಮರುದಿನ ಟೀಚರ್ ಬೋರ್ಡಿನ ಮೇಲೆ ಲೆಕ್ಕ ಬರೆದು ತಿರುಗಿದರು. ವೀಣಾ ನನ್ನ ಮುಖ ನೋಡಿದಳು. ನಾನು ಅವಳ ಮಣಿಕಟ್ಟು ಹಿಡಿದು ಮೇಲೆತ್ತಿದೆ.

"ಅದು ಯಾರ ಕೈ ಮಾರಾಯ್ತಿ?" ಟೀಚರ್ ನಕ್ಕರು.

"ತಂಗೀದು ಟೀಚರ್. ಉತ್ತರನೂ ಅವಳ್ದೇ."

ಕ್ಲಾಸು ಗೊಳ್ಳೆಂದಿತು. ನಾನೂ ನಕ್ಕೆ. ಅಂದಿನಿಂದ ಮನೆಯಲ್ಲಿ ಅವಳು ನನ್ನ ಮೇಷ್ಟ್ರಾದಳು. ಮುಂದಿನ ಏಪ್ರಿಲ್‌ನಲ್ಲಿ ಅವಳ ಹೆಸರು ಮೊದಲು ಬಂತು, ನನ್ನದು ನಡುವೆಲ್ಲೋ. ಬಂತಲ್ಲ, ಸಾಕಿತ್ತು.

ಮೊನ್ನೆ ಮಗಳ ಶಾಲೆಯ ಪೋಷಕರ ಸಭೆಯಲ್ಲಿ ಇದೇ ಚರ್ಚೆ. ಫೇಲ್ ಮಾಡದೆ ಶಾಲೆಯ ಮಟ್ಟ ಹಾಳಾಯಿತು ಎಂದು ಕೆಲವರು, ಫೇಲ್ ಮಾಡಿದರೆ ಮಕ್ಕಳು ಶಾಲೆಯನ್ನೇ ಬಿಡುತ್ತವೆ ಎಂದು ಕೆಲವರು. ನನ್ನನ್ನೂ ಕೇಳಿದರು. ಒಂದೇ ದಿನ ಫೇಲಾದವರಲ್ಲಿ ನಾನು ದಡ ಸೇರಿದೆ, ಗಿರಿಜಾ ಸೇರಲಿಲ್ಲ. ಯಾವ ಕಡೆಗೆ ಕೈ ಎತ್ತಲಿ? "ಬಿದ್ದ ಮಗುವಿನ ಪಕ್ಕದಲ್ಲಿ ಕೂರೋರು ಯಾರು ಅಂತ ಮೊದಲು ತೀರ್ಮಾನ ಮಾಡಿ," ಎಂದಷ್ಟೇ ಹೇಳಿದೆ.

ಏಳನೆಯದರ ನಂತರ ವೀಣಾ ಕೊಪ್ಪದ ಹಾಸ್ಟೆಲ್ಲಿಗೆ ಹೋದಳು. ಮುಂದೆ ಓದು, ಮದುವೆ, ಶಿವಮೊಗ್ಗದ ಮನೆ. ಈಗ ಯಾರದ್ದಾದರೂ ಮದುವೆಯ ಊಟದ ಪಂಕ್ತಿಯಲ್ಲಿ ಸಿಗುತ್ತೇವೆ, ಎಲೆ ಎತ್ತುವಷ್ಟರಲ್ಲಿ ಮಾತು ಮುಗಿದಿರುತ್ತದೆ. ಇಡೀ ದಿನ ಭುಜಕ್ಕೆ ಭುಜ ತಾಗಿಸಿ ಕೂತದ್ದು ಆ ಮೂರು ವರ್ಷ ಮಾತ್ರ. ನಾನು ಪಾಸಾಗಿದ್ದರೆ ಅದೂ ಸಿಗುತ್ತಿರಲಿಲ್ಲ.