ಸಾಲದೆನಿಸಿಕೊಂಡ ಗಾಳಿ

ನನ್ನ ಬರೆಯುವ ಮೇಜು ಕಿಟಕಿಯ ಪಕ್ಕದಲ್ಲಿದೆ. ಕಾಗದ ಹಾರದಿರಲೆಂದು ಅದರ ಮೇಲೆ, ಹಳೆಯ ರೇಡಿಯೋಗಳಲ್ಲಿ ಇರುತ್ತಿದ್ದಂಥ, ತಿರುಗಿಸುವ ಕರಿಯ ಗುಂಡಿಯೊಂದನ್ನು ಇಟ್ಟಿರುತ್ತೇನೆ. ಅದರ ಅಂಚಿಗೆ ಕೆಂಪು ಅರಗು ಮೆತ್ತಿಕೊಂಡಿದೆ. ಮನೆಗೆ ಬಂದವರು ಇದೇನೆಂದು ಕೇಳಿದರೆ ನಗುತ್ತಾ ಏನೋ ಹೇಳಿ ಕಾಫಿ ತರಿಸುತ್ತೇನೆ. ನಿಮ್ಮ ಹತ್ತಿರ ಮುಚ್ಚುಮರೆ ಏಕೆ, ಅದನ್ನು ಕಂಡಾಗಲೆಲ್ಲ ನನಗೆ ಮೈ ಉರಿಯುತ್ತದೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ಸೂಲಿಬೆಲೆಯ ಆಚೆಗಿನ ಊರೊಂದರ ಹಾಲಿನ ಡೈರಿಯ ಹಿಂದೆ, ದಿಬ್ಬದ ಮೇಲೆ, ಯಾವುದೋ ಯೋಜನೆಯ ಪುಣ್ಯದಿಂದ ಸಣ್ಣದೊಂದು ಗಾಳಿಯಂತ್ರ ನಿಂತಿತು. ಅದರ ಕರೆಂಟನ್ನು ಬ್ಯಾಟರಿಗೆ ತುಂಬುವ ಕನ್ವರ್ಟರ್ ಪೆಟ್ಟಿಗೆ ಕಟ್ಟಿದವನು ನಾನು. ಡೈರಿಯ ಕಾರ್ಯದರ್ಶಿ ಮುನಿರತ್ನಮ್ಮನವರಿಗೆ ಬೇಕಾಗಿದ್ದುದು ಇಷ್ಟೇ: ಸಂಜೆ ಲೈನಿನ ಕರೆಂಟು ಹೋದರೂ ಹಾಲಿನ ಜಿಡ್ಡು ಅಳೆಯುವ ಯಂತ್ರ ನಿಲ್ಲಬಾರದು. ಅದು ನಿಂತ ದಿನ ಜಿಡ್ಡನ್ನು ಅಂದಾಜಿನಲ್ಲಿ ಬರೆದುಕೊಳ್ಳಬೇಕಾಗುತ್ತಿತ್ತು. ಒಂದೇ ಹಸು ಕಟ್ಟಿಕೊಂಡ ಹೆಂಗಸರ ಗಟ್ಟಿಹಾಲೂ ಆ ಅಂದಾಜಿನಲ್ಲಿ ನೀರುಹಾಲಾಗಿ ದರ ಇಳಿಯುತ್ತಿತ್ತು.

ಗಾಳಿಯಿಂದ ಕರೆಂಟು ಪಡೆಯುವುದು ಹಾಲು ಕರೆಯುವಷ್ಟೇ ನಾಜೂಕಿನ ಕೆಲಸ. ಮೆಲುಗಾಳಿಯಲ್ಲಿ ಪೆಟ್ಟಿಗೆ ಹೆಚ್ಚು ಕರೆಂಟು ಎಳೆದರೆ ರೆಕ್ಕೆ ನಿಂತೇಹೋಗುತ್ತದೆ, ಜೋರುಗಾಳಿಯಲ್ಲಿ ಕಡಿಮೆ ಎಳೆದರೆ ಲಗಾಮಿಲ್ಲದೆ ಓಡುತ್ತದೆ. ಅದು ಕೊಡುವಷ್ಟನ್ನೇ ಕೇಳಬೇಕು, ಗಾಳಿ ಬದಲಾದಂತೆ ಬದಲಾಯಿಸಿ ಕೇಳಬೇಕು. ಆ ಹದವೆಲ್ಲ ಪೆಟ್ಟಿಗೆಯ ಮೇಲಿದ್ದ ಈ ಗುಂಡಿಯಲ್ಲಿತ್ತು. ಪುಸ್ತಕ ನೋಡಿ ನಾನು ಕೂರಿಸಿದ ಹದ ಸರಿಬರಲಿಲ್ಲ. ಕ್ಯಾನು ತೊಳೆಯುತ್ತಿದ್ದ ಮುನಿರತ್ನಮ್ಮ ಬರಿಯ ಸದ್ದು ಕೇಳಿ, “ಅದುಕ್ಕೆ ಉಸ್ರು ಕಟ್ತಾ ಐತೆ ಸಾರ್, ಒಸಿ ಸಡ್ಲ ಬಿಡಿ,” ಎಂದರು. ಬಿಟ್ಟೆ, ರೆಕ್ಕೆ ತಿರುಗಿತು. ಅಂದಿನಿಂದ ಗುಂಡಿ ಅವರ ಕೈಗೇ ಬಂತು. ಹಾಲು ಅಳೆಯುತ್ತಲೇ ಒಂದು ಕಿವಿಯನ್ನು ದಿಬ್ಬದ ಕಡೆಗೆ ಇಟ್ಟಿರುತ್ತಿದ್ದರು. ಜಿಡ್ಡಿನ ಯಂತ್ರ ಒಂದು ಸಂಜೆಯೂ ನಿಲ್ಲಲಿಲ್ಲ.

ಆಮೇಲೆ ತನಿಖೆಗೆಂದು ನನ್ನ ಮೇಲಧಿಕಾರಿಯೊಬ್ಬರು ಬಂದರು. ಗಾಳಿಯಂತ್ರದ ರಿಜಿಸ್ಟರಿನಲ್ಲಿ ಹೊತ್ತಿಗೊಂದು ಅಂಕಿ ಕಂಡು ಅವರ ಹುಬ್ಬು ಗಂಟಿಕ್ಕಿತು. “ಯಾರ್ಯಾರೋ ಕೈ ಹಾಕಿದ್ರೆ ಹೀಗೇ ಆಗೋದು. ರೀಡಿಂಗ್ ಒಂದೇ ಸಮ ಇರ್ಬೇಕು ಕಣ್ರೀ,” ಎಂದವರೇ ಗುಂಡಿಯನ್ನು ತಮಗೆ ತೋಚಿದ ಕಡೆ ನಿಲ್ಲಿಸಿ, ಅರಗು ಕಾಯಿಸಿ ಮುದ್ರೆ ಒತ್ತಿಸಿದರು. ಗಾಳಿಗೆ ಕಚೇರಿಯ ಶಿಸ್ತು ಕಲಿಸಲು ಹೊರಟ ಈ ಮಹಾನುಭಾವರನ್ನು ಏನೆನ್ನಬೇಕು, ನೀವೇ ಹೇಳಿ. ಬದಲಾಗುವುದೆಲ್ಲ ಕಳ್ಳಲೆಕ್ಕ, ಅಲುಗದೆ ನಿಂತದ್ದೇ ಪ್ರಾಮಾಣಿಕತೆ ಎಂದು ನಂಬಿದ ಬುದ್ಧಿಗೆ ಗಾಳಿಯೇ ಅಪರಾಧಿ. ಒಬ್ಬ ಹೆಣ್ಣುಮಗಳು ಕಿವಿಯಿಂದ ಕಲಿತ ವಿದ್ಯೆಗೆ ಬೆಂಕಿಕಡ್ಡಿ ಗೀರಿ ಬೀಗ ಹಾಕಿದರಲ್ಲ, ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಮೆಲುಗಾಳಿಯ ತಿಂಗಳು ಬಂದಾಗ ರೆಕ್ಕೆ ನಿಂತಿತು, ಬ್ಯಾಟರಿ ಬರಿದಾಯಿತು, ಡೈರಿಗೆ ಅಂದಾಜು ಮರಳಿ ಬಂತು. ‘ಇಲ್ಲಿ ಗಾಳಿ ಸಾಲದು, ಯಂತ್ರ ತೆಗೆಯಬಹುದು’ ಎಂಬ ವರದಿ ಡೈರಿಗೆ ತಲುಪುವ ಹೊತ್ತಿಗೆ ಆಷಾಢ. ಬಿಚ್ಚಲು ಹೋದ ನನ್ನ ಮುಂದೆ ಮುನಿರತ್ನಮ್ಮ ಆ ಕಾಗದವನ್ನು ಹರಡಿದರು. ಅದು ಗಾಳಿಗೆ ನಿಲ್ಲದೆ ಪಟಪಟನೆ ಏಳುತ್ತಿದ್ದುದರಿಂದ ಮೇಲೆ ಹಾಲಿನ ಅಳತೆಪಾತ್ರೆ ಹೇರಿದರು.

“ಗಾಳಿ ಸಾಲ್ದು ಅಂತ ಬರ್ದವ್ರಲ್ಲ ಸಾರ್,” ಎಂದರು. “ಕೆಳುಗ್ಡೆ ನಿಮ್ದೂ ಸೈನು ಐತೆ.”

ಇತ್ತು. ಅಧಿಕಾರಿಯ ಸಹಿಯ ಪಕ್ಕದಲ್ಲಿ ನನ್ನದೇ ಸಹಿ. ಕೆಲಸ ಹೋದೀತೆಂಬ ಭಯಕ್ಕೆ ಹಾಕಿದ್ದೆ. ಮುನಿರತ್ನಮ್ಮ ಪಾತ್ರೆ ಎತ್ತಿಕೊಂಡು ಸಾಲಿನಲ್ಲಿ ನಿಂತವರ ಹಾಲು ಅಳೆಯಲು ಹೋದರು; ಹಾರಿದ ಕಾಗದವನ್ನು ನಾನೇ ಓಡಿಹೋಗಿ ಹಿಡಿದುಕೊಂಡೆ.

ಆ ಕಾಗದವನ್ನೂ ಪೆಟ್ಟಿಗೆಯಿಂದ ಕಿತ್ತ ಗುಂಡಿಯನ್ನೂ ಅಂದಿನಿಂದ ಒಂದರ ಮೇಲೊಂದು ಇಟ್ಟುಕೊಂಡಿದ್ದೇನೆ. ಕಾಗದ ಹಾರದಿರಲೆಂದು ಇಟ್ಟಿದ್ದೇನೆ ಎಂದೆನಲ್ಲ, ಅದು ಅರ್ಧ ಸತ್ಯ. ಗುಂಡಿ ಇಷ್ಟು ವರ್ಷ ಕೂತಿದ್ದು ಸರಿಯಾಗಿ ನನ್ನ ಸಹಿಯ ಮೇಲೆ. ಇಂದು ಇದನ್ನು ಬರೆಯುವ ಮೊದಲು ಅದನ್ನೆತ್ತಿ ಪಕ್ಕಕ್ಕಿಟ್ಟೆ. ಕಿಟಕಿಯಿಂದ ಗಾಳಿ ಬರುತ್ತಲೇ ಇದೆ. ಆ ಕಾಗದವನ್ನು ಎಡಗೈಯಲ್ಲಿ ಒತ್ತಿ ಹಿಡಿದು ಬರೆಯುತ್ತಿದ್ದೇನೆ.